ಕೂಡಿಸುವ ಅಂಕಿ, ಗುರುತಿಸುವ ಅಂಕಿ: ದತ್ತಸಂಚಯದ ಕಾಲಂಗಳೂ ವ್ಯಾಪಾರದ ಲೆಕ್ಕವೂ

ಹಳೆಯ ಅಡತ್ ಅಂಗಡಿಗಳ ಕಿರ್ದಿ ಪುಸ್ತಕದಲ್ಲಿ ತಾರೀಖು, ವಿವರ, ಖಾತೆ ಪುಟ, ರೂಪಾಯಿ ಎಂಬ ಕಾಲಂಗಳಿರುತ್ತಿದ್ದವು. ಖಾತೆ ಪುಟದ ಕಾಲಂನಲ್ಲಿ ಇರುತ್ತಿದ್ದುದೂ ಅಂಕಿಗಳೇ, ರೂಪಾಯಿಯ ಕಾಲಂನಲ್ಲಿ ಇರುತ್ತಿದ್ದುದೂ ಅಂಕಿಗಳೇ. ಆದರೆ ದಿನದ ಕೊನೆಗೆ ಗುಮಾಸ್ತನು ಕೂಡಿಸುತ್ತಿದ್ದುದು ರೂಪಾಯಿಯ ಕಾಲಂ ಒಂದನ್ನೇ. ಖಾತೆ ಪುಟದ ಅಂಕಿ ಗುರುತಿಗಾಗಿ ಮಾತ್ರ, ಕೂಡಿಸಲಿಕ್ಕೆ ಅಲ್ಲ ಎಂಬುದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಣಕಯಂತ್ರಕ್ಕೆ ಈ ವಿವೇಚನೆ ತಾನಾಗಿ ಬರುವುದಿಲ್ಲ. ಯಾವ ಕಾಲಂನಲ್ಲಿ ಯಾವ ಬಗೆಯ ಮಾಹಿತಿ ಇರುತ್ತದೆಂಬುದನ್ನು ಅದಕ್ಕೆ ಮೊದಲೇ ತಿಳಿಸಬೇಕಾಗುತ್ತದೆ. ಹಾಗೆ ತಿಳಿಸುವ ಕ್ರಮವನ್ನೇ ದತ್ತಪ್ರಕಾರ ಎನ್ನುತ್ತಾರೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ತಂಬಾಕು, ಬೆಲ್ಲ, ಅರಿಶಿಣ, ಒಣದ್ರಾಕ್ಷಿ, ಚರ್ಮದ ಚಪ್ಪಲಿಗಳ ವ್ಯವಹಾರ ಗಡಿಯ ಎರಡೂ ಕಡೆಗೆ ನಡೆಯುತ್ತದೆ. ಒಂದೇ ಅಂಗಡಿಯಿಂದ ಬೆಳಿಗ್ಗೆ ಬೆಳಗಾವಿಗೂ ಮಧ್ಯಾಹ್ನ ಕೊಲ್ಹಾಪುರ ಅಥವಾ ಸಾಂಗಲಿಗೂ ಬಿಲ್ಲು ಹೋಗುವುದು ಇಲ್ಲಿ ಸಾಮಾನ್ಯ. ಸರಕು ಸೇವಾ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂದ ನಂತರ ಲೆಕ್ಕವನ್ನು ಗಣಕದಲ್ಲಿಡುವುದು ಅನಿವಾರ್ಯವಾಗಿದೆ. ದತ್ತಸಂಚಯದ ಒಂದು ಕಾಲಂನ ಪ್ರಕಾರ ತಪ್ಪಿದರೆ ಅದರ ಹೊರೆ ತೆರಿಗೆ, ಬಾಕಿ ವಸೂಲಿ ಮತ್ತು ಪಾವತಿಗಳ ಮೇಲೆ ಬೀಳುತ್ತದೆ. ಆದುದರಿಂದ ಈ ವಿಷಯವು ತಂತ್ರಾಂಶ ಬರೆಯುವವರಿಗಿಂತ ಹೆಚ್ಚಾಗಿ ವ್ಯಾಪಾರಸ್ಥರಿಗೆ ಸೇರಿದ್ದಾಗಿದೆ.

1. ದತ್ತಪ್ರಕಾರ ಎಂದರೇನು?

ದತ್ತಸಂಚಯದಲ್ಲಿ ಮಾಹಿತಿಯು ಕೋಷ್ಟಕಗಳ ರೂಪದಲ್ಲಿರುತ್ತದೆ. ಪ್ರತಿ ಬಿಲ್ಲಿಗೆ ಒಂದು ಸಾಲು. ಪ್ರತಿ ವಿವರಕ್ಕೆ ಒಂದು ಕಾಲಂ. ಈ ಕೋಷ್ಟಕಗಳಿಂದ ಬೇಕಾದ ಸಾಲುಗಳನ್ನು ಕೇಳಿ ಪಡೆಯುವ ಆದೇಶಕ್ಕೆ ಕ್ವೆರಿ ಎಂದು ಹೆಸರು. 1970ರಲ್ಲಿ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಅವರು ಈ ಕೋಷ್ಟಕ ಪದ್ಧತಿಯನ್ನು ಪ್ರತಿಪಾದಿಸಿದಾಗಲೇ, ಒಂದು ಕಾಲಂನ ಎಲ್ಲ ಮೌಲ್ಯಗಳೂ ಒಂದೇ ಬಗೆಯ ಸಮೂಹಕ್ಕೆ ಸೇರಿರಬೇಕೆಂಬ ಕಲ್ಪನೆ ಅದರಲ್ಲಿ ಅಡಕವಾಗಿತ್ತು.

ವ್ಯಾಪಾರದ ಲೆಕ್ಕಕ್ಕೆ ಮುಖ್ಯವಾಗಿ ನಾಲ್ಕು ಪ್ರಕಾರಗಳು ಸಾಕು: ಪೂರ್ಣಾಂಕ, ದಶಮಾಂಶ, ದಿನಾಂಕ ಮತ್ತು ಪಠ್ಯ. ಪೂರ್ಣಾಂಕದಲ್ಲಿ ಚಪ್ಪಲಿ ಜೋಡಿಗಳಂತಹ ಎಣಿಕೆ, ದಶಮಾಂಶದಲ್ಲಿ ಹಣ ಮತ್ತು ತೂಕ, ದಿನಾಂಕದಲ್ಲಿ ಬಿಲ್ಲಿನ ತಾರೀಖು, ಪಠ್ಯದಲ್ಲಿ ಹೆಸರು ಮತ್ತು ಗುರುತಿನ ಸಂಖ್ಯೆಗಳು ಇರಬೇಕು. ಕೊನೆಯ ಮಾತೇ ಈ ಪಾಠದ ತಿರುಳು. ಅಂಕಿಗಳಲ್ಲಿ ಬರೆದದ್ದೆಲ್ಲವೂ ಸಂಖ್ಯೆಯಲ್ಲ. ಯಾವುದನ್ನು ಕೂಡಿಸುವುದು, ಕಳೆಯುವುದು, ಗುಣಿಸುವುದು ಉಂಟೋ ಅದು ಸಂಖ್ಯೆ. ಯಾವುದನ್ನು ಕೇವಲ ಗುರುತು ಹಿಡಿಯಲು ಬಳಸಲಾಗುವುದೋ ಅದು ಪಠ್ಯ.

2. ಕೂಗಿ ಹೇಳುವ ದೋಷಗಳು

ನಿಪ್ಪಾಣಿಯ ಒಬ್ಬ ತಂಬಾಕು ವ್ಯಾಪಾರಿಯ ಬಿಲ್ಲು ಪುಸ್ತಕವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಬಿಲ್ಲಿನ ಸಂಖ್ಯೆಯ ಕಾಲಂ ಪಠ್ಯವಾಗಿದೆ. ಗುಮಾಸ್ತರು 118ನೆಯ ಬಿಲ್ಲನ್ನು ಹುಡುಕಲು ಕ್ವೆರಿಯಲ್ಲಿ ಹೀಗೆ ಬರೆಯುತ್ತಾರೆ:

ವೇರ್ ಬಿಲ್‌ಸಂಖ್ಯೆ = 118

ಇಲ್ಲಿ 118ರ ಸುತ್ತ ಉದ್ಧರಣ ಚಿಹ್ನೆಗಳಿಲ್ಲದಿರುವುದರಿಂದ ಗಣಕವು ಅದನ್ನು ಸಂಖ್ಯೆಯೆಂದು ತಿಳಿಯುತ್ತದೆ. ಕಾಲಂ ಪಠ್ಯ, ಕೇಳಿದ್ದು ಸಂಖ್ಯೆ. ಈ ವಿರೋಧವನ್ನು ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ರೀತಿಯಲ್ಲಿ ಬಗೆಹರಿಸುತ್ತವೆ.

ಮೈಕ್ರೋಸಾಫ್ಟ್ ಆಕ್ಸೆಸ್ ‘ಡೇಟಾ ಟೈಪ್ ಮಿಸ್‌ಮ್ಯಾಚ್ ಇನ್ ಕ್ರೈಟೀರಿಯ ಎಕ್ಸ್‌ಪ್ರೆಶನ್’ ಎಂಬ ಸಂದೇಶ ನೀಡಿ ನಿಲ್ಲುತ್ತದೆ. ಪೋಸ್ಟ್‌ಗ್ರೆಸ್ ತಂತ್ರಾಂಶವು 2008ರ 8.3ನೆಯ ಆವೃತ್ತಿಯಿಂದ ಇಂತಹ ಹೋಲಿಕೆಯನ್ನು ಒಪ್ಪುವುದೇ ಇಲ್ಲ. ಎಸ್‌ಕ್ಯೂಎಲ್ ಸರ್ವರ್ ಮತ್ತು ಒರಾಕಲ್ ತಂತ್ರಾಂಶಗಳು ಕಾಲಂನಲ್ಲಿರುವ ಪ್ರತಿಯೊಂದು ಪಠ್ಯವನ್ನೂ ಸಂಖ್ಯೆಯಾಗಿ ಪರಿವರ್ತಿಸಲು ಯತ್ನಿಸುತ್ತವೆ. ಎಲ್ಲ ಬಿಲ್ಲುಗಳೂ 117, 118, 119 ಎಂದೇ ಇರುವವರೆಗೆ ಕ್ವೆರಿ ಸರಿಯಾಗಿ ನಡೆಯುತ್ತದೆ. ಒಂದು ದಿನ ಯಾರೋ ‘118ಎ’ ಎಂಬ ತಿದ್ದುಪಡಿ ಬಿಲ್ಲನ್ನು ದಾಖಲಿಸುತ್ತಾರೆ. ಅಂದಿನಿಂದ ಆ ಸಾಲನ್ನು ತಲುಪಿದಾಗಲೆಲ್ಲ ಪರಿವರ್ತನೆ ವಿಫಲವಾಗುತ್ತದೆ. ಒಂದು ವರ್ಷ ನಡೆದ ಕ್ವೆರಿ ಇಂದೇಕೆ ಕೆಟ್ಟಿತು ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಇದೇ: ಕ್ವೆರಿ ಬದಲಾಗಿಲ್ಲ, ಕಾಲಂನೊಳಗೆ ಹೊಸ ಬಗೆಯ ಮೌಲ್ಯವೊಂದು ಸೇರಿದೆ. ಪರಿಹಾರ ಸರಳ. ಪಠ್ಯ ಕಾಲಂಗೆ ಪಠ್ಯವನ್ನೇ ಕೊಟ್ಟು ಕೇಳಬೇಕು:

ವೇರ್ ಬಿಲ್‌ಸಂಖ್ಯೆ = '118'

ಎರಡನೆಯ ಬಗೆಯ ದೋಷ ಮಿತಿ ಮೀರುವುದು. ಸಾಮಾನ್ಯ ಪೂರ್ಣಾಂಕ ಕಾಲಂ 2,14,74,83,647ರವರೆಗೆ ಮಾತ್ರ ಹಿಡಿಯುತ್ತದೆ. ಹತ್ತು ಅಂಕಿಗಳ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಆರಂಭವಾಗುವುದರಿಂದ ಅದರಲ್ಲಿ ಹಿಡಿಸುವುದಿಲ್ಲ. ಹನ್ನೆರಡು ಅಂಕಿಗಳ ಇ-ವೇ ಬಿಲ್ ಸಂಖ್ಯೆಯೂ ಹಿಡಿಸದು. ಚಿಕ್ಕ ಪೂರ್ಣಾಂಕದ ಮಿತಿ 32,767 ಮಾತ್ರ. ಕಬ್ಬಿನ ತೂಕದ ಚೀಟಿಗಳ ಕ್ರಮಸಂಖ್ಯೆಗೆ ಅದನ್ನು ಆರಿಸಿದ್ದರೆ ಹಂಗಾಮಿನ ನಡುವೆ 32,768ನೆಯ ಚೀಟಿಗೆ ದಾಖಲೆ ನಿಂತುಹೋಗುತ್ತದೆ. 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ ಹಾರಿದ ಒಂದು ನಿಮಿಷದೊಳಗೆ ನಾಶವಾದುದಕ್ಕೂ ದೊಡ್ಡ ಸಂಖ್ಯೆಯೊಂದನ್ನು ಇದೇ ಅಳತೆಯ ಚಿಕ್ಕ ಪೂರ್ಣಾಂಕಕ್ಕೆ ತುಂಬಲು ಹೋದದ್ದೇ ಮೂಲವಾಗಿತ್ತು.

ಇವೆಲ್ಲ ಕೂಗಿ ಹೇಳುವ ದೋಷಗಳು. ಕೆಲಸ ನಿಲ್ಲುತ್ತದೆ, ಕಿರಿಕಿರಿಯಾಗುತ್ತದೆ. ಆದರೆ ಸುಳ್ಳು ಲೆಕ್ಕ ಹೊರಬೀಳುವುದಿಲ್ಲ.

3. ಮೌನವಾಗಿ ಉಳಿಯುವ ದೋಷಗಳು

ಹೆಚ್ಚಿನ ನಷ್ಟ ಮಾಡುವವು ಸಂದೇಶವನ್ನೇ ಕೊಡದ ದೋಷಗಳು. ಮೇಲಿನ ಉದಾಹರಣೆಯಲ್ಲಿಯೇ ಮೈಎಸ್‌ಕ್ಯೂಎಲ್ ತಂತ್ರಾಂಶವು ‘118ಎ’ ಎಂಬುದರ ಆರಂಭದ ಅಂಕಿಗಳನ್ನಷ್ಟೇ ತೆಗೆದುಕೊಂಡು 118 ಎಂದು ಭಾವಿಸುತ್ತದೆ. ಆಗ 118ನೆಯ ಬಿಲ್ಲಿನ ಮೊತ್ತ ಕೇಳಿದವರಿಗೆ 118 ಮತ್ತು 118ಎ ಎರಡೂ ಸೇರಿದ ಮೊತ್ತ ಸಿಗುತ್ತದೆ. ಕೇಳಿದವರಿಗೆ ಇದರ ಸುಳಿವೂ ಇರುವುದಿಲ್ಲ.

ಮುಂದಿನ ಸೊನ್ನೆಯ ಲೋಪ. ದೂರವಾಣಿಯ ಸಂಕೇತ ಚಿಕ್ಕೋಡಿ ಮತ್ತು ನಿಪ್ಪಾಣಿಗೆ 08338, ಅಥಣಿಗೆ 08289, ರಾಯಬಾಗಕ್ಕೆ 08331. ಇವನ್ನು ಸಂಖ್ಯೆಯ ಕಾಲಂನಲ್ಲಿಟ್ಟರೆ ಉಳಿಯುವುದು 8338, 8289, 8331. ದೂರವಾಣಿಯಲ್ಲಿ ಇದು ಸಣ್ಣ ತೊಂದರೆ. ಆದರೆ ಸರಕಿನ ಎಚ್‌ಎಸ್‌ಎನ್ ಸಂಕೇತದಲ್ಲಿ ಹಾಗಲ್ಲ. ತಂಬಾಕಿನ ಎಲೆಗೆ 2401, ಬೆಲ್ಲಕ್ಕೆ 1701 ಇರುವುದರಿಂದ ಆ ವ್ಯಾಪಾರಿಗಳಿಗೆ ದೋಷ ಕಾಣಿಸುವುದೇ ಇಲ್ಲ. ಅರಿಶಿಣದ 0910 ಮಾತ್ರ 910 ಆಗುತ್ತದೆ, ಒಣದ್ರಾಕ್ಷಿಯ 0806 ಮಾತ್ರ 806 ಆಗುತ್ತದೆ. ಬಿಲ್ಲಿನ ಕೋಷ್ಟಕದಲ್ಲಿ 910 ಎಂಬ ಸಂಖ್ಯೆಯೂ ಸರಕುಗಳ ಪಟ್ಟಿಯಲ್ಲಿ ‘0910’ ಎಂಬ ಪಠ್ಯವೂ ಇದ್ದು, ಪಠ್ಯವಾಗಿ ಹೋಲಿಸಿದಾಗ ಅವು ಹೊಂದುವುದಿಲ್ಲ. ಎರಡೂ ಕೋಷ್ಟಕಗಳನ್ನು ಜೋಡಿಸಿ ಕೇಳಿದ ಸರಕುವಾರು ಮಾರಾಟದ ವರದಿಯಲ್ಲಿ ಅರಿಶಿಣವೇ ಇರುವುದಿಲ್ಲ. 2021ರ ಏಪ್ರಿಲ್ 1ರಿಂದ ₹5 ಕೋಟಿಯವರೆಗೆ ವಹಿವಾಟು ಇರುವವರು ನಾಲ್ಕು ಅಂಕಿಗಳ, ಅದಕ್ಕೆ ಮೇಲ್ಪಟ್ಟವರು ಆರು ಅಂಕಿಗಳ ಸಂಕೇತ ನೀಡಬೇಕಾಗಿರುವುದರಿಂದ ಈ ಸೊನ್ನೆಗೆ ಬೆಲೆಯಿದೆ.

ತೆರಿಗೆ ದರದ ಕಾಲಂ. ಗಡಿಭಾಗದ ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕಾದ ದೋಷ ಇದು. ಶೇ. 5ರ ತೆರಿಗೆಯ ಸರಕನ್ನು ಮಹಾರಾಷ್ಟ್ರಕ್ಕೆ ಮಾರಿದಾಗ ಸಮಗ್ರ ತೆರಿಗೆ ಶೇ. 5 ಎಂದು ಒಂದೇ ಸಂಖ್ಯೆ ಇರುತ್ತದೆ. ಅದೇ ಸರಕನ್ನು ಕರ್ನಾಟಕದೊಳಗೆ ಮಾರಿದರೆ ಕೇಂದ್ರಕ್ಕೆ ಶೇ. 2.5, ರಾಜ್ಯಕ್ಕೆ ಶೇ. 2.5. ದರದ ಕಾಲಂ ಪೂರ್ಣಾಂಕವಾಗಿದ್ದರೆ 5 ಹಾಗೆಯೇ ಉಳಿಯುತ್ತದೆ, 2.5 ಮಾತ್ರ ಕೆಲವು ತಂತ್ರಾಂಶಗಳಲ್ಲಿ 2, ಕೆಲವುಗಳಲ್ಲಿ 3 ಆಗುತ್ತದೆ. ₹1,00,000 ಬೆಲೆಯ ಸರಕಿಗೆ ಕೊಲ್ಹಾಪುರದ ಬಿಲ್ಲಿನಲ್ಲಿ ₹5,000 ತೆರಿಗೆ ಸರಿಯಾಗಿ ಬಂದರೆ, ಬೆಳಗಾವಿಯ ಬಿಲ್ಲಿನಲ್ಲಿ ₹4,000 ಅಥವಾ ₹6,000 ಬರುತ್ತದೆ. ತಂತ್ರಾಂಶ ಹಾಕಿಸಿದ ದಿನ ಕೊಲ್ಹಾಪುರದ ಬಿಲ್ಲೊಂದನ್ನೇ ಪರೀಕ್ಷಿಸಿ ನೋಡಿದವರಿಗೆ ಈ ತಪ್ಪು ತಿಳಿಯುವುದಿಲ್ಲ. ಆದುದರಿಂದ ಪರೀಕ್ಷೆಗೆ ಎರಡೂ ರಾಜ್ಯಗಳ ಒಂದೊಂದು ಬಿಲ್ಲು ಇರಲೇಬೇಕು.

ದಿನಾಂಕ. ತಾರೀಖನ್ನು ಪಠ್ಯವಾಗಿ ಇಟ್ಟರೆ ‘01/12/2024’ ಎಂಬುದು ‘02/04/2024’ಕ್ಕಿಂತ ಮೊದಲು ಬರುತ್ತದೆ, ಏಕೆಂದರೆ ಪಠ್ಯದ ಹೋಲಿಕೆ ಎಡಗಡೆಯ ಅಕ್ಷರದಿಂದ ನಡೆಯುತ್ತದೆ. ದಿನಾಂಕ ಪ್ರಕಾರಕ್ಕೆ ಬದಲಾಯಿಸುವಾಗ ಇನ್ನೊಂದು ಅಪಾಯವಿದೆ. ಗಣಕವು ಅಮೆರಿಕದ ಕ್ರಮದಲ್ಲಿ ತಿಂಗಳನ್ನು ಮೊದಲು ಓದುವಂತಿದ್ದರೆ 25/04/2025 ಎಂಬುದನ್ನು ತಿರಸ್ಕರಿಸುತ್ತದೆ. 05/04/2025 ಎಂಬುದನ್ನು ಮಾತ್ರ ಮೇ 4 ಎಂದು ಸದ್ದಿಲ್ಲದೆ ಸ್ವೀಕರಿಸುತ್ತದೆ. ಪ್ರತಿ ತಿಂಗಳ ಮೊದಲ 12 ದಿನಗಳ ಬಿಲ್ಲುಗಳಿಗೆ ಈ ಅಪಾಯ ಇದ್ದೇ ಇರುತ್ತದೆ.

ಇದರ ಪರಿಣಾಮವನ್ನು ಅಥಣಿಯ ಒಬ್ಬ ಚಪ್ಪಲಿ ತಯಾರಕರ ಸ್ಥಿತಿಯಿಂದ ಊಹಿಸಬಹುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೆಯ ಕಲಮಿನಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಿಗಳಿಂದ ಸರಕು ಕೊಂಡವರು ಲಿಖಿತ ಕರಾರಿದ್ದರೂ 45 ದಿನಗಳನ್ನು ಮೀರದಂತೆ ಹಣ ಕೊಡಬೇಕು. 2025ರ ಏಪ್ರಿಲ್ 5ರಂದು ಸ್ವೀಕೃತವಾದ ಸರಕಿನ ಹಣ ಮೇ 20ರೊಳಗೆ ಬರಬೇಕಿತ್ತು. ಗಣಕವು ಅದನ್ನು ಮೇ 4 ಎಂದು ಓದಿದರೆ ಬಾಕಿ ಪಟ್ಟಿಯಲ್ಲಿ ಗಡುವು ಜೂನ್ 18 ಎಂದು ತೋರುತ್ತದೆ. ತಗಾದೆಯ ಪತ್ರ ಸುಮಾರು ಒಂದು ತಿಂಗಳು ತಡವಾಗುತ್ತದೆ. ಕಾಯಿದೆಯು ಕೊಡುವ ಬಡ್ಡಿಯ ಲೆಕ್ಕವೂ ತಪ್ಪುತ್ತದೆ. ಚರ್ಮ ಮತ್ತು ಕೂಲಿಗೆ ಕೈಯಿಂದ ಹಣ ಹಾಕಿದ ಕುಶಲಕರ್ಮಿಗೆ ಒಂದು ತಿಂಗಳೆಂಬುದು ಸಣ್ಣ ಮಾತಲ್ಲ.

ವರ್ಷದ ಕೊನೆಯ ದಿನ. ಕೆಲವು ಕಾಲಂಗಳಲ್ಲಿ ತಾರೀಖಿನೊಂದಿಗೆ ವೇಳೆಯೂ ಸೇರಿರುತ್ತದೆ. ಮಾರ್ಚ್ 1ರಿಂದ 31ರವರೆಗಿನ ಬಿಲ್ಲುಗಳನ್ನು ಕೇಳಿದಾಗ ಗಣಕವು 31ನೆಯ ತಾರೀಖನ್ನು ಅಂದಿನ ಮಧ್ಯರಾತ್ರಿಯ ಸೊನ್ನೆ ಗಂಟೆ ಎಂದು ತಿಳಿಯುತ್ತದೆ. ಅಂದು ಹಗಲಿನಲ್ಲಿ ಮಾಡಿದ ಬಿಲ್ಲುಗಳೆಲ್ಲ ವರದಿಯಿಂದ ಹೊರಗುಳಿಯುತ್ತವೆ. ಏಪ್ರಿಲ್ 1ಕ್ಕಿಂತ ಹಿಂದಿನವು ಎಂದು ಕೇಳುವುದೇ ಸರಿಯಾದ ಕ್ರಮ. ಆರ್ಥಿಕ ವರ್ಷದ ಕೊನೆಯ ದಿನ ಹೆಚ್ಚು ಬಿಲ್ಲುಗಳಾಗುವ ಅಂಗಡಿಗಳಲ್ಲಿ ಈ ವ್ಯತ್ಯಾಸ ದೊಡ್ಡದಾಗುತ್ತದೆ.

ಹಣಕ್ಕೆ ಫ್ಲೋಟ್ ಪ್ರಕಾರ. ಫ್ಲೋಟ್ ಎಂಬ ಪ್ರಕಾರವು ಭಿನ್ನಾಂಕಗಳನ್ನು ದ್ವಿಮಾನ ಪದ್ಧತಿಯಲ್ಲಿ ಇಡುವುದರಿಂದ 0.1 ಮತ್ತು 0.2 ಕೂಡಿದಾಗ ನಿಖರವಾಗಿ 0.3 ಬರುವುದಿಲ್ಲ. ಬಾಕಿ ಸೊನ್ನೆಯಿರುವ ಖಾತೆಗಳನ್ನು ಕೇಳಿದಾಗ, ಪೂರ್ತಿ ತೀರಿದ ಖಾತೆಯೂ ಪೈಸೆಯ ಅತ್ಯಲ್ಪ ಭಾಗದಿಂದ ತಪ್ಪಿಹೋಗುತ್ತದೆ. ಹಣಕ್ಕೆ ಎರಡು ಸ್ಥಾನಗಳ, ಕ್ವಿಂಟಲ್ ಲೆಕ್ಕದ ತೂಕಕ್ಕೆ ಮೂರು ಸ್ಥಾನಗಳ ದಶಮಾಂಶವನ್ನೇ ಬಳಸಬೇಕು.

ಬ್ಯಾಂಕ್ ಖಾತೆ ಸಂಖ್ಯೆ. ಇದು ಎಲ್ಲಕ್ಕಿಂತ ಅಪಾಯಕಾರಿ. ಎಕ್ಸೆಲ್ ಹಾಳೆಯು ಒಂದು ಸಂಖ್ಯೆಯ 15 ಅಂಕಿಗಳನ್ನು ಮಾತ್ರ ನಿಖರವಾಗಿ ಉಳಿಸಿಕೊಳ್ಳುತ್ತದೆ. 16 ಅಂಕಿಗಳ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿ ತುಂಬಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಆ ಹಾಳೆಯಿಂದ ದತ್ತಸಂಚಯಕ್ಕೆ ಬಂದದ್ದು ಬೇರೆಯೇ ಸಂಖ್ಯೆ. ನೆಫ್ಟ್ ಮತ್ತು ಆರ್‌ಟಿಜಿಎಸ್ ವರ್ಗಾವಣೆಗಳಲ್ಲಿ ಹಣ ಜಮೆಯಾಗಲು ಖಾತೆ ಸಂಖ್ಯೆಯೇ ಆಧಾರ. ಹಣ ಪಡೆಯುವವರ ಹೆಸರನ್ನು ಕಳುಹಿಸುವ ಮೊದಲೇ ನೋಡುವ ಸೌಲಭ್ಯವನ್ನು ಬ್ಯಾಂಕುಗಳು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಅದನ್ನು ಬಳಸುವುದು ಕ್ಷೇಮ.

ಎಕ್ಸೆಲ್ ಇನ್ನೊಂದು ಬಗೆಯಲ್ಲಿಯೂ ಮೋಸಗೊಳಿಸುತ್ತದೆ. ‘4/25’ ಎಂಬ ಬಿಲ್ ಸಂಖ್ಯೆಯನ್ನು ಅದು ತಾರೀಖು ಎಂದು ತಿಳಿದು ಬದಲಾಯಿಸಬಹುದು. ಮನುಷ್ಯನ ಕೆಲವು ವಂಶವಾಹಿಗಳ ಸಂಕೇತಗಳು ‘ಮಾರ್ಚ್-1’ ಎಂಬಂತಿದ್ದುದರಿಂದ ವಿಜ್ಞಾನಿಗಳ ಹಾಳೆಗಳಲ್ಲಿಯೂ ಹೀಗೆಯೇ ಆಗಿ, 2020ರಲ್ಲಿ ಆ ಸಂಕೇತಗಳನ್ನು ಬದಲಾಯಿಸಿದ ಸಂಗತಿಯನ್ನು ಪ್ರಕಟಿಸಲಾಯಿತು.

4. ಎರಡು ಲಿಪಿಗಳ ಸಮಸ್ಯೆ

ಈ ಭಾಗದ ಗ್ರಾಹಕರ ಪಟ್ಟಿಯಲ್ಲಿ ಕನ್ನಡದ ಹೆಸರುಗಳೂ ಮರಾಠಿಯ ಹೆಸರುಗಳೂ ಒಟ್ಟಿಗೆ ಇರುತ್ತವೆ. ಪಠ್ಯ ಕಾಲಂ ಯೂನಿಕೋಡ್‌ಗೆ ಹೊಂದುವಂತೆ ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. ಒಮ್ಮೆ ಹಾಗೆ ಉಳಿದ ಹೆಸರನ್ನು ಮರಳಿ ಪಡೆಯಲಾಗದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎನ್‌ವಾರ್‌ಚಾರ್, ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್8ಎಂಬಿ4 ಎಂಬ ವ್ಯವಸ್ಥೆಯನ್ನು ಆರಿಸಬೇಕು. ನುಡಿ ಅಥವಾ ಬರಹದ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ತುಂಬಿದ ಹೆಸರುಗಳು ಗಣಕಕ್ಕೆ ಕನ್ನಡವೇ ಅಲ್ಲ. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಮೊತ್ತವನ್ನು ‘೧೨೫೦’ ಎಂದು ಕನ್ನಡ ಅಂಕಿಗಳಲ್ಲಿ ಟೈಪ್ ಮಾಡಿದರೂ ಹೆಚ್ಚಿನ ದತ್ತಸಂಚಯಗಳು ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ.

5. ದೋಷ ಪತ್ತೆಯ ಕ್ರಮ

ಒಂದು: ದೋಷ ಸಂದೇಶವನ್ನು ಪೂರ್ತಿಯಾಗಿ ಬರೆದಿಟ್ಟುಕೊಳ್ಳಬೇಕು. ಎಸ್‌ಕ್ಯೂಎಲ್ ಸರ್ವರ್‌ನಂತಹವು ತಮಗೆ ಅರ್ಥವಾಗದ ಮೌಲ್ಯವನ್ನೇ ಸಂದೇಶದಲ್ಲಿ ಉಲ್ಲೇಖಿಸುತ್ತವೆ. ಆ ಮೌಲ್ಯವನ್ನು ಹುಡುಕಿದರೆ ದೋಷದ ಸಾಲು ಸಿಗುತ್ತದೆ.

ಎರಡು: ಕೋಷ್ಟಕದ ರಚನೆಯನ್ನು ತೆರೆದು ಕಾಲಂನ ನಿಜವಾದ ಪ್ರಕಾರವನ್ನು ನೋಡಬೇಕು. ಪರದೆಯ ಮೇಲೆ 118 ಎಂದು ಕಾಣುವುದು ಸಂಖ್ಯೆಯೂ ಆಗಿರಬಹುದು, ಪಠ್ಯವೂ ಆಗಿರಬಹುದು.

ಮೂರು: ಜೋಡಿಸುವ ಎರಡೂ ಕೋಷ್ಟಕಗಳಲ್ಲಿ ಆ ಕಾಲಂ ಒಂದೇ ಪ್ರಕಾರದ್ದೇ ಎಂದು ಪರಿಶೀಲಿಸಬೇಕು. ಪ್ರಕಾರ ಬೇರೆಯಾಗಿದ್ದರೆ ಉತ್ತರ ತಪ್ಪದಿದ್ದರೂ ಕ್ವೆರಿ ನಿಧಾನವಾಗುತ್ತದೆ.

ನಾಲ್ಕು: ಕಾಲಂನೊಳಗಿನ ಅಸಹಜ ಮೌಲ್ಯಗಳನ್ನು ಪಟ್ಟಿ ಮಾಡಬೇಕು: ಖಾಲಿ ಜಾಗ, ಅಲ್ಪವಿರಾಮ, ರೂಪಾಯಿ ಚಿಹ್ನೆ, ‘591 237’ ಎಂದು ನಡುವೆ ಜಾಗ ಬಿಟ್ಟು ಬರೆದ ಪಿನ್ ಕೋಡ್, ಓರೆಗೆರೆ ಹಾಕಿ ಬರೆದ ಎರಡು ಮೊಬೈಲ್ ಸಂಖ್ಯೆಗಳು.

ಐದು: ತಿದ್ದುವ ಮೊದಲು ಪೂರ್ಣ ಪ್ರತಿ ತೆಗೆದಿಡಬೇಕು. ಹಳೆಯ ಕಾಲಂ ಅನ್ನು ನೇರವಾಗಿ ಬದಲಾಯಿಸದೆ, ಪಕ್ಕದಲ್ಲಿ ಸರಿಯಾದ ಪ್ರಕಾರದ ಹೊಸ ಕಾಲಂ ಸೇರಿಸಿ ಅದಕ್ಕೆ ಮೌಲ್ಯಗಳನ್ನು ತುಂಬಬೇಕು. ಸಾಲುಗಳ ಎಣಿಕೆ ಮತ್ತು ಮೊತ್ತ ಎರಡರಲ್ಲಿಯೂ ತಾಳೆಯಾದ ಮೇಲೆಯೇ ಹಳೆಯದನ್ನು ಕೈಬಿಡಬೇಕು.

ಆರು: ಕಳೆದುಹೋದದ್ದರಲ್ಲಿ ಯಾವುದನ್ನು ನಿಯಮದಿಂದ ಮರಳಿ ಪಡೆಯಬಹುದು, ಯಾವುದಕ್ಕೆ ಮೂಲ ಕಾಗದ ನೋಡಬೇಕು ಎಂದು ವಿಂಗಡಿಸಬೇಕು. ಎಚ್‌ಎಸ್‌ಎನ್ ಸಂಕೇತ ನಾಲ್ಕು, ಆರು ಅಥವಾ ಎಂಟು ಅಂಕಿಗಳದ್ದು. ಮೂರು, ಐದು ಅಥವಾ ಏಳು ಅಂಕಿಗಳು ಕಂಡರೆ ಮುಂದಿನ ಸೊನ್ನೆ ಹೋಗಿದೆ ಎಂದೇ ಅರ್ಥ, ಅದನ್ನು ಸೇರಿಸಬಹುದು. ಆದರೆ ಬ್ಯಾಂಕ್ ಖಾತೆ ಸಂಖ್ಯೆಯ ಅಂಕಿಗಳನ್ನು ಊಹೆಯಿಂದ ಸೇರಿಸಲಾಗದು. ಪಾಸ್‌ಬುಕ್ ಅಥವಾ ಚೆಕ್ಕಿನ ಪ್ರತಿ ನೋಡಿಯೇ ತುಂಬಬೇಕು. ತಾರೀಖುಗಳಿಗೆ ಮೂಲ ಬಿಲ್ಲೇ ಆಧಾರ.

6. ಯಾವ ಕಾಲಂಗೆ ಯಾವ ಪ್ರಕಾರ?

ಪಠ್ಯ: ಜಿಎಸ್‌ಟಿ ನೋಂದಣಿ ಸಂಖ್ಯೆ (15 ಅಕ್ಷರಗಳು, ಮೊದಲೆರಡು ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27), ಬಿಲ್ ಸಂಖ್ಯೆ (ನಿಯಮದಂತೆ 16 ಅಕ್ಷರಗಳನ್ನು ಮೀರಬಾರದು), ಎಚ್‌ಎಸ್‌ಎನ್ ಸಂಕೇತ, ಇ-ವೇ ಬಿಲ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್ ಸಂಕೇತ (11 ಅಕ್ಷರಗಳು), ದೂರವಾಣಿ, ಪಿನ್ ಕೋಡ್, ವಾಹನದ ಸಂಖ್ಯೆ. ಚಿಕ್ಕೋಡಿಯ ಕೆಎ-23 ಆಗಲಿ ಕೊಲ್ಹಾಪುರದ ಎಂಎಚ್-09 ಆಗಲಿ, ನಡುವೆ ಗೆರೆ ಮತ್ತು ಜಾಗ ಬಿಡುವುದೋ ಬೇಡವೋ ಎಂಬುದನ್ನು ಒಮ್ಮೆಗೇ ನಿರ್ಧರಿಸಿ ಎಲ್ಲರೂ ಹಾಗೆಯೇ ತುಂಬಬೇಕು.

ದಶಮಾಂಶ: ಬೆಲೆ, ಮೊತ್ತ, ತೆರಿಗೆ ದರ, ತೂಕ.

ಪೂರ್ಣಾಂಕ: ಚೀಲಗಳ ಎಣಿಕೆ, ಚಪ್ಪಲಿ ಜೋಡಿಗಳ ಎಣಿಕೆ. ಚಪ್ಪಲಿಯ ಅಳತೆ ಮಾತ್ರ ಗುರುತು, ಅದು ಪಠ್ಯವಾಗಿರಲಿ. ಪಠ್ಯದಲ್ಲಿ 10 ಎಂಬುದು 6ಕ್ಕಿಂತ ಮೊದಲು ಬರುವುದರಿಂದ, ಸರದಿಗಾಗಿ ಕ್ರಮಸಂಖ್ಯೆಯ ಬೇರೊಂದು ಕಾಲಂ ಇಡಬೇಕು.

ದಿನಾಂಕ: ಬಿಲ್ಲಿನ ತಾರೀಖು, ಸರಕು ಸ್ವೀಕೃತವಾದ ತಾರೀಖು, ಹಣ ಬಂದ ತಾರೀಖು. ಎಕ್ಸೆಲ್‌ನಿಂದ ತರುವಾಗ ವರ್ಷ-ತಿಂಗಳು-ದಿನ ಎಂಬ ಕ್ರಮವನ್ನು ಬಳಸಿದರೆ ಗೊಂದಲ ಕಡಿಮೆ.

ಹೊಸ ತಂತ್ರಾಂಶ ಹಾಕಿಸುವಾಗ ಈ ಪಟ್ಟಿಯನ್ನು ವ್ಯಾಪಾರಸ್ಥರೇ ತಮ್ಮ ಗುಮಾಸ್ತರೊಂದಿಗೆ ಕುಳಿತು ಸಿದ್ಧಪಡಿಸಿ ತಂತ್ರಜ್ಞರಿಗೆ ಕೊಡುವುದು ಒಳಿತು. ಅರಿಶಿಣದ ಸಂಕೇತ ಸೊನ್ನೆಯಿಂದ ಆರಂಭವಾಗುತ್ತದೆಂಬುದು, 118ರ ನಂತರ 118ಎ ಬರಬಹುದೆಂಬುದು, ಮಾರ್ಚ್ 31ರ ಸಂಜೆಯವರೆಗೂ ಬಿಲ್ಲಾಗುತ್ತದೆಂಬುದು ಅಂಗಡಿಯಲ್ಲಿ ಕುಳಿತವರಿಗೆ ಗೊತ್ತಿರುವ ಮಾತು. ಊರಾಚೆ ಕುಳಿತು ಕೋಷ್ಟಕ ರಚಿಸುವವರಿಗೆ ಗೊತ್ತಿರಬೇಕೆಂದಿಲ್ಲ. ದೋಷ ಸಂದೇಶ ಬಂದಾಗ ಅದನ್ನು ಹೇಗಾದರೂ ಅಡಗಿಸಲು ಯತ್ನಿಸದೆ, ಲೆಕ್ಕ ಹೊಂದದಿದ್ದಾಗ ಕಿರ್ದಿಯನ್ನು ಮುಚ್ಚಲು ಒಪ್ಪದ ಹಳೆಯ ಗುಮಾಸ್ತನ ಮಾತಿನಂತೆ ಅದನ್ನು ಕೇಳಿಸಿಕೊಳ್ಳಬೇಕು. ಪ್ರತಿ ಕಾಲಂನ ಮುಂದೆ ‘ಇದನ್ನು ಕೂಡಿಸುವುದುಂಟೆ?’ ಎಂಬ ಒಂದೇ ಪ್ರಶ್ನೆಯನ್ನು ಹಾಕಿಕೊಂಡರೆ ಈ ಲೇಖನದಲ್ಲಿ ಹೇಳಿದ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ.